ಹೊಸ ವರ್ಷನ್ ಬಂತು, ಹಳೇ ನೋಟ್ಸ್ ಎಲ್ಲಿ?

ಡಿಬಿಎಂಎಸ್ ಕ್ಲಾಸಲ್ಲಿ ಪ್ರೈಮರಿ ಕೀ, ಫಾರಿನ್ ಕೀ ಅಂತ ಓದ್ತೀವಲ್ಲ, ಅದಕ್ಕೆ ಯಾವಾಗಲೂ ಅದೇ ಸ್ಟೂಡೆಂಟ್ ಟೇಬಲ್, ಅದೇ ಯುಎಸ್‌ಎನ್. ಈ ಸಲ ಬೇರೆ ಉದಾಹರಣೆ ನೋಡೋಣ: ಬೈಬಲ್ ಅಧ್ಯಯನದ ಸಾಫ್ಟ್‌ವೇರ್. ಅಪ್‌ಗ್ರೇಡ್ ಅಂದ ತಕ್ಷಣ ಅದರ ಹಳೆಯ ಬಳಕೆದಾರರು ಯಾಕೆ ಹೆದರ್ತಾರೆ ಅಂತ ಗೊತ್ತಾದ್ರೆ ಡೇಟಾ ಮೈಗ್ರೇಷನ್ ಅರ್ಧ ಅರ್ಥವಾದ ಹಾಗೆ.

ಇದು ಬರೀ ಇ-ಬುಕ್ ರೀಡರ್ ಅಲ್ಲ. ಒಂದು ವಚನದ ಮೇಲೆ ಕ್ಲಿಕ್ ಮಾಡಿದ್ರೆ ಅದರ ವ್ಯಾಖ್ಯಾನ, ಬೇರೆ ಅನುವಾದ, ಹೀಬ್ರೂ ಅಥವಾ ಗ್ರೀಕ್ ಮೂಲಪದ ಎಲ್ಲವೂ ಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಜೇಮ್ಸ್ ಸ್ಟ್ರಾಂಗ್ ಎಂಬವರು 1890ರ ತಮ್ಮ ಪದಸೂಚಿಯಲ್ಲಿ ಮೂಲಪದಗಳಿಗೆ ಒಂದೊಂದು ನಂಬರ್ ಕೊಟ್ಟಿದ್ದರು. ಗ್ರೀಕ್‌ನ 26 ಅಂದ್ರೆ 'ಅಗಾಪೆ', ಪ್ರೀತಿ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಇಂಟಿಜರ್ ಐಡಿ! ಈ ಸಾಫ್ಟ್‌ವೇರ್‌ಗಳು ಇವತ್ತಿಗೂ ಅದೇ ನಂಬರ್ ಬಳಸುತ್ತವೆ. ಇದೆಲ್ಲದರ ಮೇಲೆ ಬಳಕೆದಾರರು ವರ್ಷಗಟ್ಟಲೆ ತಮ್ಮದೇ ಟಿಪ್ಪಣಿ ಬರೆದು ವಚನಗಳಿಗೆ ಅಂಟಿಸಿರುತ್ತಾರೆ.

2009ರ ನವೆಂಬರ್‌ನಲ್ಲಿ ಅಮೆರಿಕದ ಲೋಗೋಸ್ ಕಂಪನಿ ತನ್ನ ಹಳೆಯ ಲಿಬ್ರಾನಿಕ್ಸ್ ಬಿಟ್ಟು, ಹೊಸದಾಗಿ ಕಟ್ಟಿದ ಲೋಗೋಸ್ 4 ಬಿಡುಗಡೆ ಮಾಡಿತು. ಐಫೋನ್‌ನಲ್ಲಿ ಓದಬಹುದು, ಸಿಂಕ್ ಆಗುತ್ತೆ, ನೋಡೋಕೂ ಚೆನ್ನಾಗಿತ್ತು. ಆದರೆ ನಾವೇ ಪುಸ್ತಕ ತಯಾರಿಸಿ ಸೇರಿಸುವ ಸೌಲಭ್ಯ, ವಾಕ್ಯರಚನೆ ಬಿಡಿಸಿ ಚಿತ್ರ ಬರೆಯುವ ಸೌಲಭ್ಯ, ಇವೆರಡೂ ಮೊದಲ ದಿನ ಇರಲಿಲ್ಲ, ಆಮೇಲಿನ ಬಿಡುಗಡೆಗಳಲ್ಲಿ ಬಂದವು. ಹೊಸಬರಿಗೆ ಇದು ಗೊತ್ತೇ ಆಗಲ್ಲ. ಅದನ್ನೇ ನಂಬಿ ಭಾನುವಾರದ ಪ್ರಸಂಗ ತಯಾರಿ ಮಾಡುತ್ತಿದ್ದವರಿಗೆ ಮಾತ್ರ ಶನಿವಾರ ರಾತ್ರಿ ಗೊತ್ತಾಗುತ್ತೆ. ನನ್ನ ಪ್ರಕಾರ ಕಂಪನಿ ಒಂದು ಕೆಲಸ ಸರಿಯಾಗಿ ಮಾಡಿತ್ತು: ಹಳೆಯದನ್ನು ತೆಗೆಯದೆ ಎರಡನ್ನೂ ಒಂದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಬಹುದಿತ್ತು.

ನಮ್ಮ ಬೀದಿಯಲ್ಲಿ ಸಂಡೇ ಸ್ಕೂಲ್ ಪಾಠ ಮಾಡುವ ಅಂಕಲ್ ಒಬ್ಬರಿದ್ದಾರೆ. ಅವರು ಬಳಸೋದು ಬೇರೊಂದು ಪ್ರೋಗ್ರಾಂ, ಹೆಸರು ಬೇಡ. ಅಪ್‌ಗ್ರೇಡ್ ಆದ್ಮೇಲೆ ಅವರ ಹನ್ನೊಂದು ವರ್ಷದ ಟಿಪ್ಪಣಿ ಒಂದಕ್ಷರ ಕಳೆದುಹೋಗಿರಲಿಲ್ಲ. ಆದರೆ ಯಾವುದೂ ವಚನಕ್ಕೆ ಅಂಟಿಕೊಂಡಿರಲಿಲ್ಲ, ಎಲ್ಲಾ ಸೇರಿ ಒಂದೇ ಉದ್ದನೆ ಫೈಲ್ ಆಗಿತ್ತು. "ನೋಡಪ್ಪಾ, ಪುಸ್ತಕ ಆದ್ರೆ ಮತ್ತೆ ಕೊಂಡ್ಕೋಬಹುದು. ಇದನ್ನ ಯಾವ ಅಂಗಡೀಲಿ ತರ್ಲಿ?" ಅಂದ್ರು. ಟೆಸ್ಟಿಂಗ್ ಟೀಮ್ ರೋ ಕೌಂಟ್ ನೋಡಿ ಪಾಸ್ ಅಂತ ಬರೆದಿರಬೇಕು.

ಕೀ ಅನ್ನೋದು ಎಷ್ಟು ಸೂಕ್ಷ್ಮ ಅಂತ ಇಲ್ಲಿ ಗೊತ್ತಾಗುತ್ತೆ. ಟಿಪ್ಪಣಿಯ ವಿಳಾಸ ಪುಸ್ತಕ, ಅಧ್ಯಾಯ, ವಚನ ಈ ಮೂರು ಸೇರಿದ ಕಾಂಪೋಸಿಟ್ ಕೀ. ಆದರೆ ಎಲ್ಲಾ ಬೈಬಲ್‌ಗಳಲ್ಲೂ ವಚನದ ನಂಬರ್ ಒಂದೇ ಅಲ್ಲ! ಇಂಗ್ಲಿಷ್ ಬೈಬಲ್‌ಗಳಲ್ಲಿ ಯೋವೇಲನ ಪುಸ್ತಕಕ್ಕೆ 3 ಅಧ್ಯಾಯ, ಹೀಬ್ರೂ ಬೈಬಲ್‌ನಲ್ಲಿ 4. ಇಂಗ್ಲಿಷ್‌ನ 2:28 ಅಲ್ಲಿ 3:1 ಆಗುತ್ತೆ. 51ನೇ ಕೀರ್ತನೆಯಲ್ಲಿ ಇಂಗ್ಲಿಷ್‌ನ ಮೊದಲ ವಚನ ಹೀಬ್ರೂನಲ್ಲಿ ಮೂರನೆಯದು, ಯಾಕಂದ್ರೆ ಅಲ್ಲಿ ತಲೆಬರಹವನ್ನೂ ವಚನಗಳಾಗಿ ಎಣಿಸುತ್ತಾರೆ. ಹಾಗಾಗಿ ಬರೀ '3:1' ಅಂತ ಸೇವ್ ಮಾಡಿದ್ರೆ ಸಾಲದು, ಯಾವ ಎಣಿಕೆಯ 3:1 ಅಂತಾನೂ ಜೊತೆಗಿರಬೇಕು. ಇಲ್ಲದಿದ್ರೆ ಟಿಪ್ಪಣಿ ತಪ್ಪು ವಚನದ ಮೇಲೆ ಹೋಗಿ ಕೂರುತ್ತೆ, ಪ್ರೋಗ್ರಾಂ ಎರರ್ ಕೂಡ ಕೊಡಲ್ಲ. ಎರರ್ ಬಂದಿದ್ರೆ ವಾಸಿ, ಕನಿಷ್ಠ ಗೊತ್ತಾದ್ರೂ ಆಗ್ತಿತ್ತು.

ಇನ್ನೊಂದು ಫೈಲ್ ಫಾರ್ಮ್ಯಾಟ್. ಉಚಿತವಾಗಿ ಸಿಗುವ ಇ-ಸ್ವೋರ್ಡ್ 9ನೇ ಆವೃತ್ತಿಯಲ್ಲಿ ಆಕ್ಸೆಸ್ ಬಿಟ್ಟು ಎಸ್‌ಕ್ಯೂಲೈಟ್‌ಗೆ ಬಂತು. ತಾಂತ್ರಿಕವಾಗಿ ಒಳ್ಳೆಯ ನಿರ್ಧಾರ ಅಂತಲೇ ನನಗನ್ಸುತ್ತೆ. ಆದರೆ ಬಳಕೆದಾರರು ತಾವೇ ಕೂತು ಮಾಡಿಕೊಂಡಿದ್ದ ಹಳೆಯ ಮಾಡ್ಯೂಲ್‌ಗಳು ಕನ್ವರ್ಟ್ ಮಾಡದೆ ಓಡುತ್ತಿರಲಿಲ್ಲ. ಕನ್ನಡದವರಾದ ನಮಗೆ ಈ ನೋವು ಹೊಸದೇನಲ್ಲ ಬಿಡಿ. ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಡೆ ತೆರೆದ್ರೆ ಏನು ಕಾಣುತ್ತೆ ಅಂತ ನಿಮ್ಮ ಮನೆಯಲ್ಲಿ ಯಾರನ್ನಾದ್ರೂ ಕೇಳಿ.

ಮಿನಿ ಪ್ರಾಜೆಕ್ಟ್‌ನಲ್ಲಿ ಸ್ಕೀಮಾ ಬದಲಾಯಿಸುವವರು ಒಂದು ಟೆಸ್ಟ್ ಮಾಡಿ ನೋಡಿ. ಹಳೆಯ ಡೇಟಾದಿಂದ ಹತ್ತು ರೆಕಾರ್ಡ್ ಆರಿಸಿ, ಸುಲಭದ್ದಲ್ಲ, ಯೋವೇಲ 3:1 ತರಹದ ತರಲೆ ರೆಕಾರ್ಡ್‌ಗಳು. ಹೊಸದಕ್ಕೆ ಸಾಗಿಸಿ, ಪ್ರತಿಯೊಂದೂ ಮೊದಲಿದ್ದ ಜಾಗಕ್ಕೇ ಅಂಟಿದೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ ಹೊಸದರಿಂದ ಎಕ್ಸ್‌ಪೋರ್ಟ್ ಮಾಡಿ ಹಳೆಯದರ ಜೊತೆ ಹೋಲಿಸಿ. ಹತ್ತಕ್ಕೆ ಹತ್ತೂ ಸರಿ ಬರೋವರೆಗೂ ಹಳೆಯ ಟೇಬಲ್ ಡ್ರಾಪ್ ಮಾಡಬೇಡಿ.