ನೀರು ಬಂದರೆ ಒಂದು ಬೆಳೆ, ಬಾರದಿದ್ದರೆ ಇನ್ನೊಂದು
(ನೀರು ಬಳಕೆದಾರರ ಸಂಘಗಳಿಗೆ ಮುಂದಾಲೋಚನೆಯ ಪಾಠ)

ಆನೆಗೊಂದಿ ಸಮೀಪದ ಹನುಮನಹಳ್ಳಿ ಸೇರಿದಂತೆ ಗಂಗಾವತಿ ಭಾಗದ ಭತ್ತದ ಊರುಗಳ ಬದುಕು ತುಂಗಭದ್ರೆಯ ನೀರನ್ನೇ ನಂಬಿದೆ. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿದ್ದರಿಂದ ಈಗ ಹಿಡಿಯಬಲ್ಲುದು ಸುಮಾರು 105 ಟಿಎಂಸಿ ಮಾತ್ರ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ತಡೆಹಲಗೆ ಇಳಿಸಿದ ಮೇಲೆ ಬಂದ ಮಳೆ ಕೈಹಿಡಿಯಿತು. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಮೂರು ವರ್ಷ, ಮೂರು ಬಗೆಯ ತೊಡಕು.

ಆದ್ದರಿಂದ ‘ಈ ವರ್ಷ ಎಷ್ಟು ನೀರು ಬಂದೀತು?’ ಎಂದು ಊಹಿಸುವುದಕ್ಕಿಂತ, ‘ಎಷ್ಟು ಬಂದರೆ ಏನು ಮಾಡಬೇಕು?’ ಎಂದು ಮೊದಲೇ ಗೊತ್ತುಮಾಡುವುದು ಲೇಸು. ದೊಡ್ಡ ಸಂಸ್ಥೆಗಳು ಅನುಸರಿಸುವ ಕ್ರಮವೂ ಇದೇ.

1. ಹೇಗಾದರೂ ಫಲ ಕೊಡುವ ಕೆಲಸ ಮೊದಲು: ಹೊಲಗಾಲುವೆಯ ಹೂಳು ತೆಗೆಯುವುದು, ಬದು ಭದ್ರಪಡಿಸುವುದು, ಗದ್ದೆ ಸಮತಟ್ಟು ಮಾಡುವುದು. ನೀರು ಹೆಚ್ಚಿರಲಿ ಕಡಿಮೆಯಿರಲಿ, ಈ ಖರ್ಚು ವ್ಯರ್ಥವಾಗದು.

2. ಎರಡು ಬೆಳೆಯೋಜನೆ: ನೀರು ಖಚಿತವಾದರೆ ಎರಡನೆಯ ಬೆಳೆಗೆ ಅಲ್ಪಾವಧಿ ಭತ್ತ. ಇಲ್ಲವಾದರೆ ಕಡಲೆ ಅಥವಾ ಜೋಳ. ಕಡಲೆಗೆ ಕೊಯ್ಲಿಗೆ 10–15 ದಿನ ಮುಂಚೆ ಗದ್ದೆಯ ನೀರು ಬಸಿದು, ಕೊಯ್ಲಾದ ಕೂಡಲೇ ಹಸಿ ಆರುವ ಮುನ್ನ ಬಿತ್ತತಕ್ಕದ್ದು. ಬೀಜಕ್ಕೆ ರೈಜೋಬಿಯಂ ಲೇಪಿಸುವುದನ್ನು ಮರೆಯಬಾರದು.

3. ತೀರ್ಮಾನದ ದಿನ: ನೀರಾವರಿ ಸಲಹಾ ಸಮಿತಿಯ ನಿರ್ಣಯ ತಿಳಿಯುವ ಮೊದಲೇ ಭತ್ತದ ಸಸಿಮಡಿಗೆ ಸಾಲ ಮಾಡಬಾರದು. ಯಾವ ದಿನದವರೆಗೆ ಕಾಯಬೇಕು, ಅಲ್ಲಿಂದಾಚೆ ಯಾವ ಬೆಳೆ ಎಂಬುದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಎರಡೂ ಬೆಳೆಗಳ ಬೀಜ ಎಲ್ಲಿ ಸಿಗುವುದೆಂದು ಮೊದಲೇ ವಿಚಾರಿಸಿರಬೇಕು.

4. ಹಂಚಿಕೆಯ ಕರಾರು: ಕೊರತೆ ಬಂದಾಗ ಮೊದಲು ಒಣಗುವುದು ಕಾಲುವೆಯ ಕೊನೆಯ ಭಾಗದ ಹೊಲ. ಸರದಿಯ ಕ್ರಮವನ್ನು ನೀರು ಸಾಕಷ್ಟಿರುವಾಗಲೇ ಒಪ್ಪಿಕೊಂಡರೆ ಜಗಳಕ್ಕೆ ಎಡೆಯಿರದು. ಮೇಲುಭಾಗದ ರೈತರು ಎರಡನೆಯ ಬೆಳೆಗೆ ಭತ್ತ ಕಡಿಮೆ ಮಾಡಿದರೆ ಕೆಳಗಿನವರಿಗೂ ಒಂದು ಬೆಳೆ ಕೈಗೆ ಬಂದೀತು.

ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ರೈತರಿಗೆ ಮಳೆ ನೋಡಿ ಬೆಳೆ ಬದಲಿಸುವುದು ಹೊಸತಲ್ಲ. ಕಾಲುವೆಯ ರೈತರೂ ಈ ಜಾಣ್ಮೆಯನ್ನು ಕೂಡಿ ರೂಢಿಸಿಕೊಂಡರೆ, ನೀರು ಕಡಿಮೆಯಾದ ವರ್ಷವೂ ಸಾಲದ ವರ್ಷವಾಗದು.