ಎತ್ತಿಗೆ ಹಲ್ಲು, ಕಾರಿಗೆ ನಮೂನೆ 21

ಕೊಪ್ಪಳ ಜಿಲ್ಲೆಯ ಅಳವಂಡಿ ಸೀಮೆಯ ರೈತ ಸಂತೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಆಮೇಲೆ ಟವೆಲ್ ಕೆಳಗೆ ಕೈ ಹಾಕಿ ರೇಟು ಮಾತಾಡುತ್ತಾನೆ. ಅದೇ ರೈತ ಎಂಟು ಲಕ್ಷದ ಕಾರು ತರಲು ಹೋದರೆ ಬಣ್ಣ ನೋಡಿ, ಮೈಲೇಜ್ ಕೇಳಿ, ತೋರಿಸಿದಲ್ಲೆಲ್ಲ ಸಹಿ ಹಾಕಿ ಬರುತ್ತಾನೆ.

ಕಾರಿಗೂ ಹಲ್ಲಿದೆ. ಮಾರಾಟ ಪ್ರಮಾಣಪತ್ರ ಅಂದರೆ ನಮೂನೆ 21ರಲ್ಲಿ ಅದು ತಯಾರಾದ ತಿಂಗಳು, ವರ್ಷ ಬರೆದಿರಬೇಕು. ಅದನ್ನು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣವಿದೆ. ಗೋವಾದ ಗ್ರಾಹಕರೊಬ್ಬರು 2011ರಲ್ಲಿ ಹೊಸ ಟಾಟಾ ಇಂಡಿಗೊಗೆ ದುಡ್ಡು ಕಟ್ಟಿದರು. ಕೈಗೆ ಬಂದದ್ದು 2009ರ ಮಾಡೆಲ್, ಅದೂ ಆಗಲೇ 622 ಕಿಲೋಮೀಟರ್ ಓಡಿದ್ದು. ಕೆಳಗಿನ ಗ್ರಾಹಕ ವೇದಿಕೆಗಳು ಕಂಪನಿಯನ್ನೂ ಡೀಲರನ್ನೂ ಹೊಣೆ ಮಾಡಿದವು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕಂಪನಿಯನ್ನು ಹೊಣೆಯಿಂದ ಬಿಟ್ಟಿತು. ಡೀಲರ್ ಕಂಪನಿಯಿಂದ ಕೊಂಡು ಮಾರುವ ಸ್ವತಂತ್ರ ವ್ಯಾಪಾರಿ, ಅವನು ಮಾಡಿದ್ದು ಕಂಪನಿಗೆ ಗೊತ್ತಿತ್ತು ಎಂದು ದೂರಿನಲ್ಲಿ ಹೇಳಿಯೂ ಇಲ್ಲ, ಸಾಬೀತೂ ಆಗಿಲ್ಲ ಎಂದಿತು. ಡೀಲರ್ ಮಾತ್ರ ಸಿಕ್ಕಿಬಿದ್ದ. ಹಾಗಾಗಿ ದೂರು ಬರೆಯುವಾಗ ಕಂಪನಿಯ ಹೆಸರು ಸೇರಿಸಿದರೆ ಸಾಲದು, ಅದರ ತಪ್ಪೇನು ಎಂದೂ ಬಿಡಿಸಿ ಬರೆಯಬೇಕು. ಅದಕ್ಕಿಂತ ಒಳ್ಳೆಯ ದಾರಿ, ಪೂರ್ತಿ ಹಣ ಕಟ್ಟುವ ಮೊದಲೇ ನಿಮಗೆ ಕೊಡುವ ಕಾರಿನ ಚಾಸಿ ನಂಬರನ್ನೂ ತಯಾರಾದ ತಿಂಗಳನ್ನೂ ಬರೆಸಿಕೊಂಡು, ಗಾಡಿಯ ಪಕ್ಕ ನಿಂತು ತಾಳೆ ನೋಡುವುದು. ಓಡೋಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಕಾರಿನ ಆಯ್ಕೆ. ಡಿಕ್ಕಿಯಿರುವ ಚಿಕ್ಕ ಕಾರುಗಳಾದ ಡಿಸೈರ್, ಅಮೇಜ್, ಔರಾ, ಟಿಗೋರ್ ಈ ನಾಲ್ಕೂ ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಇವೆ. ಇದು ತೆರಿಗೆಯ ಲೆಕ್ಕ. 2006ರ ಬಜೆಟ್‌ನಲ್ಲಿ ಚಿಕ್ಕ ಕಾರಿಗೆ ಅಬಕಾರಿ ಸುಂಕ ಇಳಿದ ಮೇಲೆ ಡಿಕ್ಕಿಯನ್ನು ಕತ್ತರಿಸಿ ಕೂರಿಸುವ ಪದ್ಧತಿ ಬಂತು. ನಾಲ್ಕು ಮೀಟರ್ ಒಳಗಿನ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಮೊದಲು ಶೇ 28 ಮತ್ತು ಅದರ ಮೇಲೆ ಸೆಸ್ ಇತ್ತು. ಹುಲಿಗೆಮ್ಮನ ಗುಡಿಗೆ, ಗವಿಮಠದ ಜಾತ್ರೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಲು ಆ ಡಿಕ್ಕಿ ಸಾಕು. ಆದರೆ ಎರೆ ನೆಲದ ಹೊಲದ ದಾರಿಯಲ್ಲಿ ಐದು ಜನ ಕೂತಾಗ ತಳ ತಾಗುತ್ತದೋ ಇಲ್ಲವೋ ಎಂಬುದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಟೆಸ್ಟ್ ಡ್ರೈವಿಗೆ ಮನೆಯವರನ್ನೆಲ್ಲ ಕೂರಿಸಿಕೊಂಡೇ ಹೋಗಿ. ಸುರಕ್ಷತೆಯ ನಕ್ಷತ್ರ ಎಷ್ಟು ಎಂದೂ ಕೇಳಿ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ, ಆದರೆ ಕಂಪನಿಗೆ ಅದು ಕಡ್ಡಾಯವಲ್ಲ.

ಇನ್ನು ಕೋಟೇಶನ್. ಕಾರಿನ ಬೆಲೆ, ಜೀವಾವಧಿ ತೆರಿಗೆ, ವಿಮೆ ಇವು ಇರಲೇಬೇಕಾದ ಸಾಲುಗಳು. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ 14, ಅದರ ಮೇಲೆ ಸೆಸ್. ಇವುಗಳ ಕೆಳಗೆ ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಅಕ್ಸೆಸರೀಸ್ ಪ್ಯಾಕ್’ ಎಂಬ ಸಾಲುಗಳು ಮೆಲ್ಲಗೆ ಬಂದು ಕೂತಿರುತ್ತವೆ. ಷೋರೂಮಿಗೆ ನನ್ನೊಂದಿಗೆ ಬಂದಿದ್ದ ಹಿರಿಯರೊಬ್ಬರು ಅಲ್ಲೇ ಬೆರಳಿಟ್ಟು, “ತಮ್ಮಾ, ಇದು ಯಾತರ ರೊಕ್ಕ?” ಅಂದರು. “ಕಂಪಲ್ಸರಿ ಸರ್” ಅಂದ ಮಾರಾಟದ ಹುಡುಗ. “ಹಂಗಂತ ಬರದು ಕೊಡು” ಅಂದರು ಹಿರಿಯರು. ಸಾಲು ಅಳಿಸಿಹೋಯಿತು! ನೆಲದ ಮ್ಯಾಟು, ಸೀಟ್ ಕವರ್ ಕೊಂಡರೇ ಕಾರು ಎನ್ನಲು ಯಾವ ಕಾನೂನೂ ಇಲ್ಲ. ವಿಮೆಯನ್ನೂ ಅಲ್ಲೇ ಮಾಡಿಸಬೇಕೆಂದಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ, ಯಾವ ಕಂಪನಿಯಿಂದ ಎಂಬುದು ನಿಮ್ಮ ಇಷ್ಟ.

ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಕೊಂಡರೂ ಕೊಪ್ಪಳದ ಕೆಎ-37 ನಂಬರಿಗೆ ತೊಂದರೆಯಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ ಹೊಸ ಗಾಡಿಯ ನೋಂದಣಿ ಅರ್ಜಿ ಹಾಕುವುದು ಡೀಲರನ ಕೆಲಸ.

ಹಳೆಯ ಕಾರನ್ನು ಎಕ್ಸ್‌ಚೇಂಜಿಗೆ ಬಿಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕೀಲಿ ಕೊಟ್ಟು, ದುಡ್ಡು ಎಣಿಸಿಕೊಂಡು, ಹೆಸರು ವರ್ಗಾವಣೆಯ ‘ಟಿಟಿ ಫಾರಂ’ಗೆ ಸಹಿ ಹಾಕಿದರೆ ಮುಗಿಯಿತು ಎಂದು ನಮ್ಮವರ ನಂಬಿಕೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ (2018) ಕಾರು ಕೈಯಿಂದ ಕೈಗೆ ಹೋಗಿ ಕೊನೆಗೆ ಅಪಘಾತವಾಯಿತು. ಪರಿಹಾರ ಕಟ್ಟಬೇಕಾದವನು ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದ ಮಾಲೀಕನೇ ಎಂದು ಸುಪ್ರೀಂ ಕೋರ್ಟು ಹೇಳಿತು. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಹಳೆ ಗಾಡಿ ವ್ಯಾಪಾರಿಗೂ 2023ರ ಏಪ್ರಿಲ್ 1ರಿಂದ ಆರ್‌ಟಿಒ ಅಧಿಕಾರಪತ್ರ ಬೇಕು. ಅಂಥವರಿಗೆ ಗಾಡಿ ಒಪ್ಪಿಸಿದ್ದನ್ನು ವಾಹನ ನೋಂದಣಿಯ ಪೋರ್ಟಲಿನಲ್ಲಿ ದಾಖಲಿಸಿದರೆ ಅಲ್ಲಿಂದ ಮುಂದಿನ ಹೊಣೆ ಅವರದು. ನೀವೇ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯೇ ನೋಡಿ. ಉಳಿದಿದ್ದರೆ ನಮೂನೆ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬರುವವರೆಗೆ ಮುಂಗಡದ ಮೇಲೆ ಒಂದು ಪೈಸೆಯನ್ನೂ ಕೊಡಬೇಡಿ.

ಬಿಳಿ ಬೋರ್ಡಿನ ಕಾರನ್ನು ಮದುವೆ, ಆಸ್ಪತ್ರೆ ಬಾಡಿಗೆಗೆ ಓಡಿಸುವುದು ನಮ್ಮ ಕಡೆ ಮಾಮೂಲು. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಕೇಳುವುದೇ ಅದನ್ನು. ಟ್ಯಾಕ್ಸಿಗೇ ಕೊಂಡು, ಸ್ವತಃ ಓಡಿಸಿ ಹೊಟ್ಟೆ ಹೊರೆಯುವವರು ಮಾತ್ರ ಕಾನೂನಿನ ಕಣ್ಣಿನಲ್ಲಿ ಗ್ರಾಹಕರೇ. ಅವರ ದೂರನ್ನು ‘ವಾಣಿಜ್ಯ ಉದ್ದೇಶ’ ಎಂದು ತಳ್ಳಿಹಾಕುವಂತಿಲ್ಲ.

ಕಾರು ಕೆಟ್ಟರೆ? ಹೊಸ ಕಾರೇ ಬೇಕು ಎಂಬ ಬೇಡಿಕೆ ಸಲೀಸಾಗಿ ಸಿಗುವುದಿಲ್ಲ. ಕ್ಲಚ್ ದೋಷದ ಒಂದು ಮಾರುತಿ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟು, ವಾರಂಟಿ ಎಂದರೆ ಕೆಟ್ಟ ಭಾಗವನ್ನು ರಿಪೇರಿ ಮಾಡುವ ಅಥವಾ ಬದಲಿಸುವ ಹೊಣೆ ಎಂದಿದೆ. ಇದು ಗ್ರಾಹಕರಿಗೆ ಬಿಗಿಯಾದ ತೀರ್ಪು ಎಂದೇ ನನ್ನ ಅನಿಸಿಕೆ. ತಯಾರಿಕೆಯಲ್ಲೇ ದೋಷವಿತ್ತು ಎಂದು ತೋರಿಸಲು ತಜ್ಞರ ವರದಿ ಬೇಕಾಗುತ್ತದೆ, ಪರೀಕ್ಷೆ ಮಾಡಿಸುವಂತೆ ಗ್ರಾಹಕರ ಆಯೋಗವನ್ನೇ ಕೇಳಬಹುದು. ಅದಕ್ಕೇ ಸರ್ವಿಸಿಗೆ ಬಿಟ್ಟಾಗಲೆಲ್ಲ ಜಾಬ್ ಕಾರ್ಡಿನಲ್ಲಿ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. “ಜನರಲ್ ಚೆಕಪ್” ಎಂದು ಬರೆದರೆ ಒಪ್ಪಬೇಡಿ.

ದೂರಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, ಆಮೇಲೆ ಕೊಪ್ಪಳದ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಿ. ಷೋರೂಮ್ ಯಾವ ಊರಿನದಾದರೂ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಬೇಕೇಬೇಕು ಎಂದಿಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರ್ಹರಿಗೆ ಉಚಿತವಾಗಿ ಒದಗಿಸುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದಕ್ಕೆ ಆದಾಯದ ಮಿತಿಯೂ ಇಲ್ಲ. ಕಾನೂನು ನೆರವಿನ ಸಹಾಯವಾಣಿ 15100. ದೂರಿಗೆ ಎರಡು ವರ್ಷದ ಗಡುವಿದೆ. ಎಂಟು ಲಕ್ಷ ಕೊಟ್ಟು ಕೊಂಡ ಕಾರಿನ ದೂರಿಗೆ ಕಟ್ಟಬೇಕಾದ ಶುಲ್ಕ 200 ರೂಪಾಯಿ.