ಅರಿವಿನ ಧ್ಯಾನವೂ ಮನೋವ್ಯಥೆಯ ಚಿಕಿತ್ಸೆಯೂ

ಮೈಗೆ ಬೇನೆ ಬಂದರೆ ವೈದ್ಯರಲ್ಲಿಗೆ ಹೋಗುವ ನಾವು ಮನಸ್ಸಿನ ಬೇನೆಯನ್ನು ಮಾತ್ರ ಮುಚ್ಚಿಡುತ್ತೇವೆ. ಮಳೆಯನ್ನು ನೆಚ್ಚಿ ಬಿತ್ತುವ ಜಗಳೂರಿನ ರೈತನಿಗೆ ಸಾಲದ ಚಿಂತೆ. ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಧಾರಣೆಯ ಚಿಂತೆ. ಹೊನ್ನಾಳಿ, ನ್ಯಾಮತಿಗಳ ವಿದ್ಯಾರ್ಥಿಗೆ ಪರೀಕ್ಷೆಯ ಭಯ. ಕಾರಣಗಳು ಬೇರೆಯಾದರೂ ವ್ಯಥೆಯ ಬಗೆ ಬಹುಮಟ್ಟಿಗೆ ಒಂದೇ: ಕಳೆದುದಕ್ಕಾಗಿ ಕೊರಗು, ಬರಲಿರುವುದಕ್ಕಾಗಿ ದಿಗಿಲು.

ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಒಳಿತು ಕೆಡುಕೆಂದು ತೀರ್ಪು ನೀಡದೆ ಗಮನಿಸುವುದೇ ಅರಿವಿನ ಧ್ಯಾನ. ಪಾಳಿ ಭಾಷೆಯ ಬೌದ್ಧ ಗ್ರಂಥಗಳಲ್ಲಿ ಇದಕ್ಕೆ ‘ಸತಿ’ ಎಂದು ಹೆಸರು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲಿಸುವ ಶಿವಯೋಗಸಾಧಕನಿಗೂ ಚದುರಿದ ಚಿತ್ತವನ್ನು ಒಂದೆಡೆಗೆ ತರುವ ಅಭ್ಯಾಸ ಹೊಸದಲ್ಲ. ಆದರೆ ಅವುಗಳ ಗುರಿ ಆಧ್ಯಾತ್ಮಿಕವಾದುದು. ಚಿಕಿತ್ಸೆಯ ಗುರಿ ವ್ಯಥೆಯ ಶಮನ. ಈ ಭೇದವನ್ನು ನಾವು ಮರೆಯಲಾಗದು.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಕಬಾಟ್-ಜಿನ್ ಅವರು ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಇದನ್ನು ಕೆಲವು ವಾರಗಳ ಶಿಕ್ಷಣವಾಗಿ ರೂಪಿಸಿದರು. ಅನಂತರ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನೋವಿಜ್ಞಾನಿಗಳು ಇದನ್ನು ಖಿನ್ನತೆಯ ಚಿಕಿತ್ಸೆಗೆ ಹೊಂದಿಸಿದರು. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿ ಚೇತರಿಸಿಕೊಂಡವರ ಪೈಕಿ ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಶೇಕಡ 66 ಮಂದಿಗೆ ರೋಗ ಮರುಕಳಿಸಿತು. ಜೊತೆಗೆ ಧ್ಯಾನವನ್ನೂ ಕಲಿತವರಲ್ಲಿ ಶೇಕಡ 37 ಮಂದಿಗೆ ಮಾತ್ರ. ಎರಡೇ ಸಲ ಒಳಗಾದವರಲ್ಲಿ ಈ ಪ್ರಯೋಜನ ಕಂಡುಬರಲಿಲ್ಲ.

ಇದು ನೆರವಾಗುವ ಬಗೆ ಹೇಗೆ? ಕುಗ್ಗಿದ ಮನಸ್ಸು ‘ನಾನು ನಿಷ್ಪ್ರಯೋಜಕ’ ಎಂಬ ಆಲೋಚನೆಯನ್ನು ಸತ್ಯವೆಂದೇ ನಂಬಿ, ಅದನ್ನೇ ಮೆಲುಕು ಹಾಕುತ್ತದೆ. ಅಭ್ಯಾಸಿಯಾದರೋ ‘ನನ್ನಲ್ಲಿ ಹೀಗೊಂದು ಆಲೋಚನೆ ಎದ್ದಿದೆ’ ಎಂದು ಗುರುತಿಸುತ್ತಾನೆ. ಸೂಳೆಕೆರೆಯ ಏರಿಯ ಮೇಲೆ ನಿಂತವನು ಅಲೆಗಳನ್ನು ಕಾಣುವನಲ್ಲದೆ ಅವುಗಳಲ್ಲಿ ಕೊಚ್ಚಿಹೋಗುವುದಿಲ್ಲ. ಇದೂ ಹಾಗೆಯೇ.

ಅಭ್ಯಾಸಕ್ರಮ ಸರಳವಾದುದು. ಬೆನ್ನು ನೆಟ್ಟಗಿರುವಂತೆ ಕುಳಿತು, ಹತ್ತು ನಿಮಿಷ ಉಸಿರಿನ ಬರಹೋಗುಗಳನ್ನು ಗಮನಿಸಬೇಕು. ಮನಸ್ಸು ಅಲೆದಾಗ ತನ್ನನ್ನು ಹಳಿದುಕೊಳ್ಳದೆ ಮರಳಿ ಉಸಿರಿಗೆ ತರಬೇಕು. ಹೀಗೆ ಮರಳಿ ತರುವುದೇ ಅಭ್ಯಾಸ. ಮನಸ್ಸು ಅಲೆಯಿತೆಂಬುದು ಸೋಲಲ್ಲ.

ಆದರೆ ಧ್ಯಾನವು ಔಷಧಿಗೆ ಬದಲಲ್ಲ. ವೈದ್ಯರನ್ನು ಕೇಳದೆ ಮಾತ್ರೆಗಳನ್ನು ನಿಲ್ಲಿಸುವುದು ಅಪಾಯಕರ. ತೀವ್ರ ಮನೋರೋಗವುಳ್ಳವರು, ಘೋರ ಆಘಾತಕ್ಕೆ ಒಳಗಾದವರು ತಜ್ಞರ ಮಾರ್ಗದರ್ಶನವಿಲ್ಲದೆ ಇದನ್ನು ಕೈಗೊಳ್ಳಬಾರದು; ಕೆಲವರಲ್ಲಿ ಭಯ ಹೆಚ್ಚುವುದೂ ಉಂಟು. ಸಾಲವನ್ನು ತೀರಿಸುವ, ಬರವನ್ನು ನೀಗುವ ಶಕ್ತಿಯೂ ಧ್ಯಾನಕ್ಕಿಲ್ಲ. ಅವುಗಳನ್ನು ಎದುರಿಸುವ ಮನಸ್ಸನ್ನು ಅದು ಸ್ಥಿರಗೊಳಿಸಬಲ್ಲುದು, ಅಷ್ಟೆ.

ಮನೋವೈದ್ಯಕೀಯ ಸೇವೆಯನ್ನು ಹಳ್ಳಿಗಳಿಗೆ ತಲುಪಿಸುವ ಕಾರ್ಯದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ಯಾರು ಬೇಕಾದರೂ ಉಚಿತವಾಗಿ ಕರೆಮಾಡಬಹುದು.

ಬದುಕೇ ಬೇಡವೆಂಬ ಮಾತು ಗೆಳೆಯನ ಬಾಯಿಂದ ಬಂದಾಗ ಅವನಿಗೆ ಧ್ಯಾನವನ್ನು ಉಪದೇಶಿಸಿ ಕಳುಹಿಸಬಾರದು. ಅವನ ಬಳಿ ಕುಳಿತು ಕೇಳಬೇಕು, ಒಂಟಿಯಾಗಿ ಬಿಡದೆ ಹಿರಿಯರಿಗೆ ತಿಳಿಸಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ವಿದ್ಯಾರ್ಥಿಗಳು ತಮ್ಮ ಮನಸ್ಸನ್ನು ಅರಿಯುವುದರೊಡನೆ ನೆರೆಯವರ ನೋವನ್ನೂ ಅರಿಯಲಿ. ಅರಿವು ಸಾರ್ಥಕವಾಗುವುದು ಆಗಲೇ.